ನಿಮಿಷಕ್ಕೆ ಇಪ್ಪತ್ತೆಂಟು ಸುತ್ತು

ಮುದ್ರೆ ಸಾಹೇಬರಿಗೆ ಈ ಲೋಕದಲ್ಲಿ ಎರಡು ಸಂಗತಿಗಳ ಬಗ್ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂದು, ಅಂಗಡಿಯವರೆಲ್ಲ ತೂಕದಲ್ಲಿ ಕೈಚಳಕ ತೋರಿಸುತ್ತಾರೆ. ಇನ್ನೊಂದು, ರಾಕ್ ಸಂಗೀತವೆಂದರೆ ತುಂಬ ದುಃಖದ ಸಂಗೀತ.

ಮೊದಲನೆಯದು ಕೆಲಸದಿಂದ ಬಂದ ತಿಳಿವಳಿಕೆ. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷದಿಂದ ಇನ್‌ಸ್ಪೆಕ್ಟರಾಗಿದ್ದ ಅವರು ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಡಬ್ಬ, ಬಟ್ಟೆ ಅಳೆಯುವ ಕೋಲು ಎಲ್ಲವನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುತ್ತಿದ್ದರು, ತಪ್ಪಿದ್ದರೆ ವಶಪಡಿಸಿಕೊಳ್ಳುತ್ತಿದ್ದರು. ಹೆತ್ತವರು ಇಟ್ಟ ಹೆಸರು ಯಾವುದೋ ಕಡತದೊಳಗೆ ಉಳಿದುಕೊಂಡು, ಊರಿನ ಬಾಯಲ್ಲಿ ಅವರು ಮುದ್ರೆ ಸಾಹೇಬರೇ ಆಗಿಹೋಗಿದ್ದರು.

ಎರಡನೆಯ ತಿಳಿವಳಿಕೆ ಬಂದದ್ದು ನಲವತ್ತಮೂರು ಹಳೆಯ ರೆಕಾರ್ಡುಗಳಿಂದ. ಮದುವೆಗೆ ಮುಂಚೆ, ಯಾವುದೋ ಕ್ಲಬ್ಬು ಬಾಗಿಲು ಹಾಕಿದಾಗ, ಅಲ್ಲಿದ್ದ ಪ್ಲೇಯರನ್ನೂ ರೆಕಾರ್ಡುಗಳನ್ನೂ ಒಟ್ಟಿಗೇ ಕೊಂಡು ತಂದಿದ್ದರು. ಅದರ ಮೇಲೆ ಯಾವ ತಟ್ಟೆ ಇಟ್ಟರೂ ಒಬ್ಬ ಗಂಡಸು ಬಾವಿಯ ತಳದಲ್ಲಿ ಕೂತವನ ಹಾಗೆ ದಪ್ಪ ದನಿಯಲ್ಲಿ ನರಳುತ್ತಿದ್ದ. ಗಿಟಾರು ಅವನ ಹಿಂದೆ ಕಾಲೆಳೆದುಕೊಂಡು ಬರುತ್ತಿತ್ತು. ಡ್ರಮ್ಮು ಒಂದು ಏಟು ಹಾಕಿ, ಇನ್ನೊಂದು ಹಾಕಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಹಾಕುತ್ತಿತ್ತು. ಸಾಹೇಬರು ಕಣ್ಣು ಮುಚ್ಚಿ ಕೇಳಿ, "ಆ ಜನಕ್ಕೆ ಎಂಥ ನೋವು ಇತ್ತು ನೋಡು" ಎಂದು ಹೊಸ ಹೆಂಡತಿಗೆ ಹೇಳುತ್ತಿದ್ದರು. ರೆಕಾರ್ಡಿನ ಲಕೋಟೆಯ ಮೇಲೆ ಅದೇ ಜನ ನಾಲಗೆ ಚಾಚಿ, ಕೂದಲು ಕೆದರಿಕೊಂಡು ಗಾಳಿಯಲ್ಲಿ ಹಾರುತ್ತಿರುವ ಚಿತ್ರ ಇರುತ್ತಿತ್ತು. ದುಃಖ ಮಿತಿ ಮೀರಿದರೆ ಮನುಷ್ಯ ಹಾಗೆ ಹಾರುತ್ತಾನೆ ಎಂದು ಸಾಹೇಬರು ಅದಕ್ಕೂ ಸಮಾಧಾನ ಕಂಡುಕೊಂಡಿದ್ದರು.

ಈ ಸಂಗೀತದಿಂದಾಗಿಯೇ ಅವರ ಮನೆಯಲ್ಲಿ ಒಂದು ದೊಡ್ಡ ಬಿರುಕು ಉಂಟಾಯಿತು. ಇಪ್ಪತ್ತೇಳು ವರ್ಷದ ಹಿಂದೆ, ಒಂದು ಭಾನುವಾರ, ಹೆಂಡತಿಯ ಒಬ್ಬನೇ ತಮ್ಮ ಮನೆಗೆ ಬಂದಿದ್ದ. ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಹುಡುಗ. ಸಾಹೇಬರು ಪ್ರೀತಿಯಿಂದಲೇ ಹದಿನೇಳನೇ ನಂಬರಿನ ರೆಕಾರ್ಡು ಹಾಕಿದರು. ಹುಡುಗ ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದ. ಎರಡು ನಿಮಿಷವಾಗುವಷ್ಟರಲ್ಲಿ ಬೆರಳು ನಿಂತಿತು.

"ಭಾವ, ನಿಮ್ಮ ಪ್ಲೇಯರ್ ನಿಧಾನ ತಿರುಗ್ತಿದೆ. ಒಳಗಿನ ಬೆಲ್ಟು ಸಡಿಲ ಆಗಿದೆ."

ಬೇರೆ ಯಾರ ಮನೆಯಲ್ಲಾದರೂ ಇದು ಒಂದು ಸ್ಕ್ರೂಡ್ರೈವರಿನಲ್ಲಿ ಮುಗಿಯುವ ಮಾತು. ಆದರೆ ಇದು ಅಳತೆಯ ಇನ್‌ಸ್ಪೆಕ್ಟರ ಮನೆ.

"ಊರಿಗೆಲ್ಲ ಅಳತೆ ಹೇಳೋನು ನಾನು. ನನ್ನ ಮನೆ ಯಂತ್ರ ಸುಳ್ಳು ಹೇಳುತ್ತಾ?" ಎಂದು ಸಾಹೇಬರು ಕುರ್ಚಿಯಿಂದ ಎದ್ದರು.

"ಅನುಮಾನ ಇದ್ರೆ ಅಳೆದು ನೋಡಿ ಭಾವ."

"ಮೊದಲು ನಿನ್ನ ಕಿವಿ ಅಳೆಸ್ಕೊಂಡು ಬಾ. ಡ್ರಮ್ಮು ಬಡಿದೂ ಬಡಿದೂ ಕೆಟ್ಟು ಕೂತಿದೆ."

ತಮ್ಮನೂ ಎದ್ದ. "ನಿಧಾನ ತಿರುಗುತ್ತೆ ಅಂತ ನೀವು ಬಾಯ್ಬಿಟ್ಟು ಒಪ್ಪೋವರೆಗೂ ಈ ಮನೆ ಮೆಟ್ಟಿಲು ಹತ್ತಿದ್ರೆ ಕೇಳಿ" ಎಂದವನೇ ಮೂವತ್ತಾರು ಮೆಟ್ಟಿಲು ದಡದಡನೆ ಇಳಿದು ಹೋದ. ಆಮೇಲೆ ಹತ್ತಲಿಲ್ಲ. ಬ್ಯಾಂಡು ಬಿಟ್ಟ, ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ ಇಟ್ಟ, ಕೂದಲು ನರೆಸಿಕೊಂಡ, ಹತ್ತಲಿಲ್ಲ. ಅಕ್ಕ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು, ಬೇರೆಯವರ ಮನೆಯಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಭೇಟಿಯಾಗುತ್ತಿದ್ದರು. ಸಾಹೇಬರ ಮಗಳ ಮದುವೆಗೂ ಬಂದ, ಅಕ್ಕನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ, ಹೊರಟುಹೋದ. ತನ್ನ ಅಡುಗೆಮನೆಯ ಸ್ಟೂಲಿನ ಮೇಲೆ ತಮ್ಮನನ್ನು ಕೂರಿಸಿ ಒಂದು ಲೋಟ ಕಾಫಿ ಕೊಡಬೇಕೆಂಬ ಆಸೆ ಆಕೆಗೆ ಇಪ್ಪತ್ತೇಳು ವರ್ಷದಿಂದ ಹಾಗೆಯೇ ಉಳಿದಿತ್ತು.

ಸಾಹೇಬರಾದರೂ ಸುಖವಾಗಿದ್ದರೇ ಎಂದರೆ, ಅದೂ ಇಲ್ಲ. ಅಂದೇ ಪ್ಲೇಯರಿನ ಬೆಲ್ಟು ಬಿಚ್ಚಿ, ಪೌಡರು ಸವರಿ, ವಶಪಡಿಸಿಕೊಂಡ ವಸ್ತುವಿನ ಹಾಗೆ ಲಕೋಟೆಯೊಳಗಿಟ್ಟು ಚೀಟಿ ಅಂಟಿಸಿದರು. ಪ್ಲೇಯರು, ರೆಕಾರ್ಡು ಎಲ್ಲ ಎರಡು ಟ್ರಂಕುಗಳಲ್ಲಿ ಮಂಚದ ಕೆಳಗೆ ಸೇರಿದವು. ಕೇಳಿದವರಿಗೆ "ರೆಕಾರ್ಡುಗಳಿಗೆ ವಿಶ್ರಾಂತಿ ಬೇಕು" ಎಂದರು.

ಆ ವಿಶ್ರಾಂತಿ ಮುಗಿಯಲು ಕಾರಣವಾದದ್ದು ಒಂದು ಪತ್ರಿಕೆ. ಹಳೆಯ ರೆಕಾರ್ಡುಗಳಿಗೆ ಈಗ ಮತ್ತೆ ಮರ್ಯಾದೆ ಬಂದಿದೆ, ರಸಿಕರು ಒಂದೆಡೆ ಸೇರಿ ಕೇಳುತ್ತಾರೆ ಎಂದು ಅದರಲ್ಲಿ ಬಂದಿತ್ತು. ಸಾಹೇಬರು ಓದಿದ ಮರುದಿನವೇ ರಸಿಕರಾದರು. ಕಚೇರಿಯಲ್ಲಿ "ನನ್ನ ಸಂಗ್ರಹ" ಎಂಬ ಮಾತು ದಿನಕ್ಕೆ ಹತ್ತು ಸಲ ಬರತೊಡಗಿತು. ಕಟ್ಟಡದ ನಿವಾಸಿಗಳ ಸಂಘಕ್ಕೆ, ಅಂಗಳದಲ್ಲಿ ಒಂದು ಸಂಗೀತ ಶ್ರವಣ ಕೂಟ ಏರ್ಪಡಿಸಬೇಕೆಂದು ಮೂರು ಅರ್ಜಿ ಬರೆದರು. ಸಂಘದ ಕಾರ್ಯದರ್ಶಿಗಳು ರೈಲ್ವೆ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು ರೈಲುಗಳು ಬರುವುದನ್ನೂ ಹೋಗುವುದನ್ನೂ ಸಾರಿ ನಿವೃತ್ತರಾದವರು. ಅರ್ಜಿಗಳಿಗೆ ಅವರು ಉತ್ತರ ಕೊಡಲಿಲ್ಲ. ತಡ ಎಂಬುದು ಅವರಿಗೆ ಒಂದು ವಿಷಯವೇ ಆಗಿರಲಿಲ್ಲ.

ಕೂಟ ನಡೆಯಲಿ ಬಿಡಲಿ, ತಯಾರಿ ಆಗಬೇಕಲ್ಲ? ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ಮಂಡಿಯೂರಿ ಟ್ರಂಕುಗಳನ್ನು ಎಳೆದರು. ಮುಚ್ಚಳ ತೆರೆದಾಗ ಹಳೆಯ ರಟ್ಟಿನ ವಾಸನೆ ಬಂತು. ರೆಕಾರ್ಡುಗಳು ನಂಬರಿನ ಪ್ರಕಾರ ನೆಟ್ಟಗೆ ನಿಂತಿದ್ದವು. ರೈಲು ಹಳಿಯ ಮೇಲೆ ಮಲಗಿದ ನಾಲ್ವರು ಜಡೆಯವರು, ಆನೆಯ ಮೇಲೆ ಪಿಯಾನೋ ಇಟ್ಟುಕೊಂಡು ಕೂತವನು, ಬರೀ ಕಪ್ಪು ಬಣ್ಣ ಬಳಿದು ಮೂಲೆಯಲ್ಲಿ ಒಂದೇ ಒಂದು ಕಣ್ಣು ಬರೆದದ್ದು, ಎಲ್ಲರೂ ಇದ್ದರು. ಪ್ರತಿ ಲಕೋಟೆಯ ಹಿಂದೆ ಸಾಹೇಬರ ಗುಂಡಾದ ಅಕ್ಷರದಲ್ಲಿ "ಪರೀಕ್ಷಿಸಿದೆ, ಸರಿಯಿದೆ" ಎಂಬ ಬರಹ, ಸಹಿ, ತಾರೀಖು. ಸಾಹೇಬರು ಒಂದೊಂದನ್ನೇ ಮಖಮಲ್ಲಿನ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ಮಗುವಿನ ತಲೆ ನೇವರಿಸಿದ ಹಾಗೆ ನೇವರಿಸಿದರು. ಬೆಲ್ಟನ್ನು ಲಕೋಟೆಯಿಂದ ತೆಗೆದು ಸಿಕ್ಕಿಸಿದರು. ಹದಿನೇಳನೇ ನಂಬರು ಕೈಗೆ ಬಂದಾಗ ಒಂದು ಕ್ಷಣ ಕೈ ನಿಂತಿತು. ಆದರೂ ಅದನ್ನೇ ಹಾಕಿದರು, ಶಬ್ದ ಪೂರ್ತಿ ಏರಿಸಿದರು.

ಬಾವಿಯ ತಳದ ಗಂಡಸು ಎದ್ದು ಕೂತು ನರಳಿದ.

ನೆಲಮಹಡಿಯಲ್ಲಿ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಎಲ್ಲರೂ ಹೆಡ್‌ಮೇಡಂ ಎನ್ನುತ್ತಿದ್ದರು. ಗಿಡಕ್ಕೆ ನೀರು ಹಾಕುತ್ತಿದ್ದ ಅವರು ಆ ದನಿ ಕೇಳಿ ಚೊಂಬು ಕೆಳಗಿಟ್ಟರು. ಐದು ನಿಮಿಷ ಕಾದರು. ನರಳಾಟ ನಿಲ್ಲಲಿಲ್ಲ, ಹೆಚ್ಚಾಯಿತು. ಹೆಡ್‌ಮೇಡಂ ಸೆರಗು ಸರಿಪಡಿಸಿಕೊಂಡು ಎರಡು ಮಹಡಿ ಹತ್ತಿದರು. ಮೆಟ್ಟಿಲ ತಿರುವಿನಲ್ಲಿ ಸಾಹೇಬರ ಹೆಂಡತಿ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ಇಪ್ಪತ್ತೇಳು ವರ್ಷದ ಮೇಲೆ ಹದಿನೇಳನೇ ನಂಬರು ಕೇಳಿಸಿದರೆ ಆಕೆ ಬೇರೇನು ಮಾಡಿಯಾರು?

"ಏನಾಯ್ತಮ್ಮ? ಯಾರು?" ಎಂದರು ಹೆಡ್‌ಮೇಡಂ.

"ಏನಿಲ್ಲ ಮೇಡಂ. ನನ್ನ ತಮ್ಮ..." ಎಂದವರು ಮಾತು ಅರ್ಧಕ್ಕೇ ಬಿಟ್ಟರು. ಕೈಯಾಡಿಸಿ ಒಳಗೆ ಹೋದರು.

ನಲವತ್ತು ವರ್ಷ ಮಕ್ಕಳ ಅರ್ಧ ವಾಕ್ಯಗಳನ್ನು ತಾವೇ ಪೂರ್ತಿ ಮಾಡಿ ಅಂಕ ಕೊಟ್ಟ ಹೆಡ್‌ಮೇಡಂಗೆ ಈ ವಾಕ್ಯವನ್ನು ಪೂರ್ತಿ ಮಾಡುವುದು ಕಷ್ಟವಾಗಲಿಲ್ಲ. ಅವರು ನೇರ ಕಾರ್ಯದರ್ಶಿಗಳ ಬಾಗಿಲು ತಟ್ಟಿದರು. "ಇನ್‌ಸ್ಪೆಕ್ಟರ ಭಾವಮೈದ ಹೋಗ್ಬಿಟ್ರಂತೆ. ಪಾಪ, ಮಾತು ಬಿಟ್ಟಿದ್ರಲ್ಲ, ಅದಕ್ಕೇ ಈಗ ಆ ಸಂಗೀತ ಹಾಕ್ಕೊಂಡು ಒಬ್ಬರೇ ಕೂತಿದ್ದಾರೆ."

ಕಾರ್ಯದರ್ಶಿಗಳು ಕಿವಿಗೊಟ್ಟು ಕೇಳಿದರು. ಮೇಲಿನಿಂದ ನರಳಾಟ ಇಳಿದು ಬರುತ್ತಿತ್ತು. "ಹೌದು, ಇದು ಸಾವಿನ ಮನೆ ಸಂಗೀತವೇ" ಎಂದು ದೃಢಪಡಿಸಿದರು. ಒಂದೂವರೆ ಗಂಟೆಯೊಳಗೆ ಸೂಚನಾ ಫಲಕದಲ್ಲಿ ಸಂಜೆ ಐದು ಗಂಟೆಗೆ ಅಂಗಳದಲ್ಲಿ ಸಂತಾಪ ಸಭೆ ಎಂಬ ಕಾಗದ ಬಿತ್ತು. ಮೂಲೆ ಅಂಗಡಿಯವನು ಸುದ್ದಿಯನ್ನು ಗಿರಾಕಿಗಳಿಗೆ ಸಾಮಾನಿನ ಜೊತೆಗೇ ಕಟ್ಟಿಕೊಟ್ಟ. ಎರಡು ತಿಂಗಳ ಹಿಂದೆ ಅವನ ತಕ್ಕಡಿಯನ್ನು ಸಾಹೇಬರು ಹತ್ತು ಗ್ರಾಮಿನ ವ್ಯತ್ಯಾಸಕ್ಕೆ ವಶಪಡಿಸಿಕೊಂಡಿದ್ದರು. ಆದರೂ "ಸಾವಿಗೆ ದ್ವೇಷ ಇಲ್ಲ" ಎಂದು ಅವನು ಅಂಗಡಿಯ ಮಡಿಚುವ ಕುರ್ಚಿಗಳನ್ನು ಕೊಟ್ಟು ಕಳಿಸಿದ.

ಮಧ್ಯಾಹ್ನ ಕಾರ್ಯದರ್ಶಿಗಳು ಸಾಹೇಬರ ಮನೆಗೆ ಬಂದರು. ಸಾಹೇಬರು ಇಪ್ಪತ್ತೊಂಬತ್ತನೇ ನಂಬರು ಒರೆಸುತ್ತಿದ್ದರು. ಕಾರ್ಯದರ್ಶಿಗಳು ಅವರ ಎರಡೂ ಕೈ ಹಿಡಿದು ತಲೆ ತಗ್ಗಿಸಿ ನಿಂತರು.

"ಸಂಜೆ ಐದಕ್ಕೆ ಎಲ್ಲರೂ ಕೆಳಗೆ ಸೇರ್ತೀವಿ" ಎಂದರು ಕೊನೆಗೆ.

ಮೂರು ಅರ್ಜಿಗಳು ಕೊನೆಗೂ ಫಲ ಕೊಟ್ಟವೆಂದು ಸಾಹೇಬರ ಎದೆ ಉಬ್ಬಿತು. "ಎಷ್ಟು ಜನ ಬರಬಹುದು?"

"ಇಡೀ ಕಟ್ಟಡವೇ ಬರುತ್ತೆ. ಇಂಥ ಹೊತ್ತಲ್ಲಿ ಯಾರು ತಾನೇ ಮನೇಲಿ ಕೂರ್ತಾರೆ?"

"ನಮ್ಮ ಕಟ್ಟಡದೋರಿಗೆ ಇಷ್ಟು ಆಸಕ್ತಿ ಇದೆ ಅಂತ ನಂಗೆ ಗೊತ್ತೇ ಇರಲಿಲ್ಲ."

ಕಾರ್ಯದರ್ಶಿಗಳಿಗೆ ಈ ಮಾತು ಸ್ವಲ್ಪ ವಿಚಿತ್ರವಾಗಿ ಕಂಡಿತು. ಆದರೆ ದುಃಖದಲ್ಲಿರುವವರು ಏನೇನೋ ಮಾತಾಡುತ್ತಾರೆಂದು ಅವರು ಬಲ್ಲರು. ಮೆಲ್ಲಗೆ ಬೆನ್ನು ಸವರಿ, "ಆ ಪೆಟ್ಟಿಗೇನೂ ತನ್ನಿ. ಬೆಳಿಗ್ಗೆ ಕೇಳಿದ ಆ ಹಾಡನ್ನೇ ಹಾಕೋಣ. ಎಂಥ ದುಃಖ ಇದೆ ಅದರಲ್ಲಿ" ಎಂದರು.

"ಅರ್ಥ ಮಾಡ್ಕೊಂಡ್ರಲ್ಲ ಸಾರ್, ಅಷ್ಟು ಸಾಕು" ಎಂದರು ಸಾಹೇಬರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಕಾರ್ಯದರ್ಶಿಗಳ ಕಣ್ಣೂ ಒದ್ದೆಯಾಯಿತು. ಇಬ್ಬರೂ ಬೇರೆ ಬೇರೆ ಕಾರಣಗಳಿಗಾಗಿ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಹೆಡ್‌ಮೇಡಂ ಸಾಹೇಬರ ಹೆಂಡತಿಯ ಪಕ್ಕ ಕೂತು, "ಧೈರ್ಯ ತಂದ್ಕೋಬೇಕಮ್ಮ. ನಿನ್ನ ತಮ್ಮನ ಒಂದು ಫೋಟೋ ಕೊಡು, ಸಭೆಯಲ್ಲಿ ಇಡಬೇಕು" ಎನ್ನುತ್ತಿದ್ದರು. ಆಕೆ ಗಾಬರಿಯಿಂದ ಬಾಯಿ ತೆರೆದರು. ಯಾವ ಸಭೆ, ಯಾಕೆ ಫೋಟೋ ಎಂದು ಕೇಳಿ, ಬೆಳಗಿನಿಂದ ಏನೇನಾಯಿತೆಂದು ಪೂರ್ತಿ ತಿಳಿದುಕೊಂಡರು. "ಅಯ್ಯೋ, ನನ್ನ ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ" ಎಂದು ಹೇಳುವುದಕ್ಕೆ ನಾಲಗೆ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹೆಡ್‌ಮೇಡಂ, "ಸಭೆ ಕೆಳಗೆ ಅಂಗಳದಲ್ಲೇ. ಯಾರೂ ಮೆಟ್ಟಿಲು ಹತ್ತೋ ತೊಂದರೆ ಇಲ್ಲ" ಎಂದರು. ಆಕೆ ಬಾಯಿ ಮುಚ್ಚಿದರು. ಆಮೇಲೆ ಎದ್ದು ಹೋಗಿ ಆಲ್ಬಮ್ಮಿನಿಂದ ತಮ್ಮನು ಡ್ರಮ್ಮು ಬಾರಿಸುತ್ತಿರುವ ಫೋಟೋ ತೆಗೆದುಕೊಟ್ಟರು. ಹೆಡ್‌ಮೇಡಂ ಹೋದ ಮೇಲೆ ಬಾಗಿಲು ಹಾಕಿಕೊಂಡು ಒಂದು ಫೋನು ಮಾಡಿದರು.

ಸಂಜೆ ಐದಕ್ಕೆ ಐದು ನಿಮಿಷ ಇರುವಾಗ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ಲೇಯರನ್ನು ತಬ್ಬಿಕೊಂಡು ಅಂಗಳಕ್ಕಿಳಿದರು. ಜನ ಕಿಕ್ಕಿರಿದಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಸಾಹೇಬರನ್ನು ಕಂಡ ಕೂಡಲೇ ಎಲ್ಲರೂ ಎದ್ದು ನಿಂತರು. ಒಂದು ಸಂಗ್ರಹಕ್ಕೆ ಇಷ್ಟು ಗೌರವ ಸಲ್ಲುವುದನ್ನು ಅವರು ಪತ್ರಿಕೆಯಲ್ಲೂ ಓದಿರಲಿಲ್ಲ. ಗಂಭೀರವಾಗಿ ತಲೆಬಾಗಿ, ಮೇಜಿನ ಮೇಲೆ ಪ್ಲೇಯರು ಇಟ್ಟು, ಹದಿನೇಳನೇ ನಂಬರು ಹಾಕಿ, ಮುಳ್ಳು ಇಳಿಸಿದರು. ನರಳಾಟ ಶುರುವಾಯಿತು. ಮುಂದಿನ ಸಾಲಿನಲ್ಲಿ ಇಬ್ಬರು ಮೂಗು ಒರೆಸಿಕೊಂಡರು.

ಸಾಹೇಬರು ತೃಪ್ತಿಯಿಂದ ಕೂರುವಾಗ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದ ಫೋಟೋ ಕಣ್ಣಿಗೆ ಬಿತ್ತು. ಮುಂದೆ ಒಂದು ಹೂದಾನಿ ಇತ್ತು.

"ಇವನ ಫೋಟೋ ಇಲ್ಲಿ ಯಾಕೆ?" ಎಂದರು ಹೆಂಡತಿಯ ಕಿವಿಯಲ್ಲಿ.

"ಸುಮ್ನೆ ಕೂತ್ಕೊಳ್ಳಿ" ಎಂದರು ಆಕೆ, ಮುಂದೆ ನೋಡುತ್ತ.

ಕಾರ್ಯದರ್ಶಿಗಳು ಮೈಕು ಹಿಡಿದರು. ಮೂವತ್ತು ವರ್ಷದ ಅಭ್ಯಾಸ ಒಂದೇ ಸಲಕ್ಕೆ ಗಂಟಲಿಗೆ ಬಂತು. "ದಯವಿಟ್ಟು ಗಮನಿಸಿ. ಎರಡನೇ ಮಹಡಿಯ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರ ಭಾವಮೈದ, ಹೊಲಿಗೆ ಯಂತ್ರಗಳ ರಿಪೇರಿಯಲ್ಲಿ ಎತ್ತಿದ ಕೈ, ಹಿಂದೊಮ್ಮೆ ಡ್ರಮ್ಮು ವಾದಕರು, ಇಂದು ನಮ್ಮನ್ನು ಬಿಟ್ಟು ಹೊರಟುಹೋಗಿದ್ದಾರೆ. ಅವರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ ಆಚರಿಸಲಾಗುವುದು."

ಎಲ್ಲರೂ ಎದ್ದು ನಿಂತರು. ಸಾಹೇಬರಿಗೆ ಏಳಲು ಆಗಲಿಲ್ಲ.

ಅವರಿಗೆ ಈಗ ಎಲ್ಲವೂ ಅರ್ಥವಾಯಿತು, ಅಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು. ಹೆಂಡತಿ ಬೆಳಿಗ್ಗೆ ಅತ್ತದ್ದು, ಕಾರ್ಯದರ್ಶಿಗಳು ತಬ್ಬಿಕೊಂಡದ್ದು, ಈ ಮೌನ. ಇಡೀ ಕಟ್ಟಡಕ್ಕೆ ಗೊತ್ತಿತ್ತು, ತನಗೆ ಒಬ್ಬನಿಗೆ ಗೊತ್ತಿರಲಿಲ್ಲ. ತನಗೆ ಹೇಳುವುದಕ್ಕೇ ಹೆಂಡತಿಗೆ ಬೇಡವಾಗಿತ್ತು. ಸಾಹೇಬರು ಫೋಟೋ ನೋಡಿದರು. ಹುಡುಗ ಡ್ರಮ್ಮಿನ ಕೋಲು ಮೇಲೆತ್ತಿ, ಬಾಯಿ ತುಂಬ ನಗುತ್ತಿದ್ದ. ಇಪ್ಪತ್ತೇಳು ವರ್ಷ ಇವನು ಎಲ್ಲೋ ಇದ್ದಾನೆ, ಇಂದಲ್ಲ ನಾಳೆ ಸೋತು ಬರುತ್ತಾನೆ ಎಂದುಕೊಂಡೇ ಕಾಲ ಕಳೆದಿದ್ದರು. ಬರದೆಯೇ ಹೋಗಬಹುದೆಂದು ಅಳೆದಿರಲಿಲ್ಲ.

ಮೌನ ಮುಗಿದ ಮೇಲೆ ಕಾರ್ಯದರ್ಶಿಗಳು ಮೈಕನ್ನು ಅವರ ಕೈಗೆ ಕೊಟ್ಟರು. ಸಾಹೇಬರು ಮೇಜು ಹಿಡಿದು ಎದ್ದು ನಿಂತರು.

"ಇವನು ಒಳ್ಳೆ ಹುಡುಗ. ನಮ್ಮನೆಗೆ ಬರಬೇಕಾದ್ರೆ ಬರಿಗೈಲಿ ಬಂದೋನಲ್ಲ. ಒಂದು ಮಾತು ಹೇಳಿದ, ನಾನು ಕೇಳಲಿಲ್ಲ. ಈ ಪೆಟ್ಟಿಗೆ ನಿಧಾನ ತಿರುಗುತ್ತೆ ಅಂದ. ನನ್ನ ಕಚೇರಿ ಚೀಲದಲ್ಲೇ ಸ್ಟಾಪ್‌ವಾಚ್ ಇತ್ತು. ತೆಗೆದು ಅಳೀಬಹುದಿತ್ತು. ಅಳೀಲಿಲ್ಲ. ಯಾಕೆ ಅಳೀಲಿಲ್ಲ ಅಂದ್ರೆ..." ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಭಯ ಆಯ್ತು. ಅವನು ಹೇಳಿದ್ದು ಸರಿ ಇರಬಹುದು."

"ಇರಬಹುದು ಅಂದ್ರೆ ಒಪ್ಪಿದ ಹಾಗಲ್ಲ ಭಾವ" ಎಂದಿತು ಹಿಂದಿನಿಂದ ಒಂದು ದನಿ.

ಅಂಗಳದ ಗೇಟಿನ ಹತ್ತಿರ, ಕಂಕುಳಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು, ಫೋಟೋದಲ್ಲಿದ್ದವನೇ ನಿಂತಿದ್ದ. ಕೂದಲು ಮಾತ್ರ ಬೆಳ್ಳಗಾಗಿತ್ತು. ಹೆಡ್‌ಮೇಡಂ "ಅಯ್ಯಯ್ಯೋ" ಎಂದು ಕೂತರು. ಅವರು ಕೂತದ್ದು ಹೂದಾನಿ ಇದ್ದ ಸ್ಟೂಲಿನ ಮೇಲೆ. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಹೋದ. ಕಾರ್ಯದರ್ಶಿಗಳು ಮಾತ್ರ ಧೈರ್ಯಗೆಡದೆ ಮೈಕಿನಲ್ಲಿ, "ದಯವಿಟ್ಟು ಗಮನಿಸಿ. ಹಿಂದಿನ ಪ್ರಕಟಣೆಯಲ್ಲಿ ಬದಲಾವಣೆ ಇದೆ" ಎಂದರು.

"ನೀನು... ಇದ್ದೀಯಾ?" ಎಂದರು ಸಾಹೇಬರು.

"ಇದ್ದೀನಿ ಭಾವ. ಅಕ್ಕ ಮಧ್ಯಾಹ್ನ ಫೋನ್ ಮಾಡಿದ್ಲು. ನೀನು ಸತ್ತುಹೋಗಿದ್ದೀಯಂತೆ ಕಣೋ, ಐದು ಗಂಟೆಗೆ ಅಂಗಳದಲ್ಲಿ ಸಂತಾಪ ಸಭೆ, ಮೆಟ್ಟಿಲು ಹತ್ತೋ ಹಾಗಿಲ್ಲ, ಬಂದು ನೋಡ್ಕೊಂಡು ಹೋಗು ಅಂದ್ಲು."

ಎಲ್ಲರ ಮುಖ ಸಾಹೇಬರ ಹೆಂಡತಿಯ ಕಡೆಗೆ ತಿರುಗಿತು. ಆಕೆ ಸೆರಗಿನ ಅಂಚು ನೋಡಿಕೊಳ್ಳುತ್ತ ಕೂತಿದ್ದರು.

ಸಾಹೇಬರು ಓಡಿಹೋಗಿ ಭಾವಮೈದನನ್ನು ಅಪ್ಪಿಕೊಂಡರೆಂದು ಬರೆದು ಕತೆ ಮುಗಿಸಬಹುದಿತ್ತು. ಅವರು ಓಡಿದ್ದೂ ನಿಜ, ಕೈ ಚಾಚಿದ್ದೂ ನಿಜ. ಆದರೆ ಅರ್ಧ ದಾರಿಯಲ್ಲಿ ಅವರ ಕಾಲು ನಿಂತಿತು. ಸತ್ತವನ ಎದುರು ಸೋಲುವುದು ಬೇರೆ. ಹೆಲ್ಮೆಟ್ಟು ಹಿಡಿದು ನಿಂತವನ ಎದುರು ಸೋಲುವುದು ಬೇರೆ.

"ಬದುಕಿದ್ದೀಯಲ್ಲ, ಸಂತೋಷ" ಎಂದು ಸಾಹೇಬರು ಕೈ ಇಳಿಸಿದರು. "ಆದ್ರೆ ಈಗ ನಾನು ಆಡಿದ ಮಾತು ಮೃತರನ್ನ ಕುರಿತು ಆಡಿದ್ದು. ನೀನು ಮೃತ ಅಲ್ಲ. ಹಾಗಾಗಿ ಆ ಮಾತು ವಾಪಸ್."

ಅಂಗಳದಲ್ಲಿ ಗುಜುಗುಜು ಎದ್ದಿತು. "ಥೂ, ಎಂಥ ಮನುಷ್ಯ!" ಎಂದು ಹೆಡ್‌ಮೇಡಂ ಕೆಳದನಿಯಲ್ಲಿ ಅಂದದ್ದು ಮೈಕಿಗೂ ಕೇಳಿಸಿತು. ಭಾವಮೈದ ಹೆಲ್ಮೆಟ್ಟು ತಲೆಗೆ ಹಾಕಿಕೊಳ್ಳತೊಡಗಿದ. ಸಾಹೇಬರ ಹೆಂಡತಿ ಎದ್ದು ನಿಂತರು. ಗಂಡನ ಮುಖವನ್ನೊಮ್ಮೆ ನೋಡಿದರು, ಅಷ್ಟೆ. ಸಾಹೇಬರಿಗೆ ನೆಲ ನೋಡುವಂತಾಯಿತು.

ಆಗ ಮೂಲೆ ಅಂಗಡಿಯವನು ಮುಂದೆ ಬಂದ. ಎರಡು ತಿಂಗಳಿಂದ ಅವನು ಇಂಥದೊಂದು ಘಳಿಗೆಗೆ ಕಾಯುತ್ತಿದ್ದ ಎಂದು ಕಾಣುತ್ತದೆ.

"ಸಾಹೇಬ್ರೆ, ಒಂದು ವಿನಂತಿ. ನಮ್ಮ ತಕ್ಕಡಿ ಮುಂದೆ ನಿಂತು ನೀವು ಏನಂತೀರಿ? ಅನುಮಾನ ಬಂದ್ರೆ ಎಲ್ಲರ ಎದುರಿಗೇ ಪರೀಕ್ಷೆ ಆಗಬೇಕು ಅಂತೀರಿ. ಈಗ ಅನುಮಾನ ಬಂದಿದೆ."

"ಆಗಬೇಕು, ಆಗಬೇಕು" ಎಂದಿತು ಅಂಗಳ.

ನಿಯಮ ಎಂಬ ಮಾತು ಬಂದ ಮೇಲೆ ಸಾಹೇಬರು ಹಿಂದೆಗೆಯುವ ಹಾಗಿರಲಿಲ್ಲ. ಹೆಂಡತಿ ಅವರ ಕಚೇರಿಯ ಚೀಲವನ್ನು ಕುರ್ಚಿಯ ಕೆಳಗಿನಿಂದ ತೆಗೆದುಕೊಟ್ಟರು. ಅದನ್ನು ಮೇಲಿನಿಂದ ಯಾವಾಗ ತಂದಿಟ್ಟಿದ್ದರೋ! ಸಾಹೇಬರು ಸ್ಟಾಪ್‌ವಾಚು ತೆಗೆದರು. ರೆಕಾರ್ಡಿನ ಅಂಚಿಗೆ ಒಂದು ಬಿಳಿ ಕಾಗದದ ಚೂರು ಅಂಟಿಸಿದರು. ಈ ಜಾತಿಯ ರೆಕಾರ್ಡು ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತಬೇಕು, ನಡುವಿನ ಚೀಟಿಯಲ್ಲೇ ಅಚ್ಚು ಹಾಕಿದೆ ಎಂದು, ತಮ್ಮ ವಿರುದ್ಧವೇ ಆದರೂ, ಗಟ್ಟಿಯಾಗಿ ಓದಿ ಹೇಳಿದರು. ಸ್ಟಾಪ್‌ವಾಚು ಒತ್ತಿದರು.

ಬಿಳಿ ಚೂರು ಒಂದು ಸುತ್ತು ಮುಗಿಸಿದಾಗಲೆಲ್ಲ ಇಡೀ ಅಂಗಳ ಒಟ್ಟಿಗೆ ಎಣಿಸಿತು. ಒಂದು. ಎರಡು. ಬಾವಿಯ ತಳದ ಗಂಡಸು ಅದೇ ದುಃಖದಲ್ಲಿ ನರಳುತ್ತಲೇ ಇದ್ದ. ಹತ್ತು ದಾಟಿತು, ಇಪ್ಪತ್ತು ದಾಟಿತು. ಇಪ್ಪತ್ತೈದರ ಹೊತ್ತಿಗೆ ಸಾಹೇಬರ ಹಣೆಯಲ್ಲಿ ಬೆವರು ಕಂಡಿತು. ಇಪ್ಪತ್ತಾರು. ಇಪ್ಪತ್ತೇಳು. ಜನರ ದನಿ ಸಣ್ಣದಾಯಿತು.

"ಇಪ್ಪತ್ತೆಂಟು."

ಸ್ಟಾಪ್‌ವಾಚು ಟಕ್ ಎಂದಿತು.

ಯಾರೂ ನಗಲಿಲ್ಲ. ಅಂಗಡಿಯವನು ಕೂಡ ನಗಲಿಲ್ಲ. ಅವನು ನೋಡಬೇಕೆಂದು ಬಂದದ್ದು ಬೇರೇನನ್ನೋ. ಆದರೆ ಸಾಹೇಬರ ಮುಖ ಕಂಡಾಗ ಅದನ್ನು ನೋಡುವ ಮನಸ್ಸಾಗಲಿಲ್ಲ. ಸಾಹೇಬರು ಚೀಲದಿಂದ ಇಲಾಖೆಯ ನಮೂನೆ ತೆಗೆದು ಮೇಜಿನ ಮೇಲೆ ಇಟ್ಟು ಬರೆಯತೊಡಗಿದರು. ಬರೆಯುತ್ತಲೇ ಓದಿದರು.

"ವಸ್ತು, ರೆಕಾರ್ಡ್ ಪ್ಲೇಯರು ಒಂದು. ಮಾಲೀಕ, ನಾನು. ದೋಷ, ನಿಮಿಷಕ್ಕೆ ಐದು ಚಿಲ್ಲರೆ ಸುತ್ತು ಕಡಿಮೆ. ದೋಷವನ್ನು ಮೊದಲು ಕಂಡುಹಿಡಿದವರು..." ಇಲ್ಲಿ ಪೆನ್ನು ನಿಂತಿತು. ಸಾಹೇಬರು ತಲೆಯೆತ್ತಿ ಗೇಟಿನ ಕಡೆ ನೋಡಿದರು. "ನನ್ನ ಹೆಂಡತಿಯ ತಮ್ಮ. ಇಪ್ಪತ್ತೇಳು ವರ್ಷದ ಹಿಂದೆ, ಯಾವ ಉಪಕರಣವೂ ಇಲ್ಲದೆ, ಕಿವಿಯಲ್ಲಿ."

ಸಹಿ ಹಾಕಿದರು. ಆಮೇಲೆ ನಮೂನೆಯಲ್ಲಿ ಇಲ್ಲದ ಮಾತನ್ನೂ ಹೇಳಿದರು. "ನಿಧಾನ ತಿರುಗ್ತಿತ್ತು ಕಣೋ. ಒಪ್ಕೊಂಡೆ. ತಪ್ಪಾಯ್ತು. ಮೇಲೆ ಬಾ."

ಭಾವಮೈದ ಹೆಲ್ಮೆಟ್ಟು ತೆಗೆದ. ಅಕ್ಕ ಆಗಲೇ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಅವನು ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಅಂಗಳದಲ್ಲಿ ಮತ್ತೆ ಮೌನ ಬಿತ್ತು, ಮೊದಲಿನ ಎರಡು ನಿಮಿಷಕ್ಕಿಂತ ಗಟ್ಟಿಯಾದ ಮೌನ. ಕಾರ್ಯದರ್ಶಿಗಳು ಮೈಕು ಎತ್ತಿದರು.

"ದಯವಿಟ್ಟು ಗಮನಿಸಿ. ಇಪ್ಪತ್ತೇಳು ವರ್ಷ ತಡವಾಗಿ ಸಂಚರಿಸುತ್ತಿರುವ ತಮ್ಮನವರು ಇನ್ನು ಕೆಲವೇ ಕ್ಷಣಗಳಲ್ಲಿ ಎರಡನೇ ಮಹಡಿಗೆ ಆಗಮಿಸಲಿದ್ದಾರೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಮೂವತ್ತಾರನೇ ಮೆಟ್ಟಿಲು ಮುಟ್ಟುವಾಗ ತಮ್ಮನಿಗೆ ಏದುಸಿರು ಬಂದಿತ್ತು. ಹಿಂದಿನ ಸಲ ಇಳಿದವನು ಹುಡುಗ, ಈಗ ಹತ್ತಿದ್ದು ಐವತ್ತು ದಾಟಿದ ಮಂಡಿಗಳು. ಅಕ್ಕ ಅವನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಕಾಫಿ ಕೊಟ್ಟರು. ಅವನು ಕುಡಿಯುವಷ್ಟು ಹೊತ್ತೂ ಎದುರಿಗೇ ನಿಂತಿದ್ದರು. ಲೋಟ ಖಾಲಿಯಾದ ಕೂಡಲೇ ಕೇಳದೆಯೇ ಇನ್ನೊಂದು ಲೋಟ ತುಂಬಿಸಿದರು.

ಸಾಹೇಬರು ಪ್ಲೇಯರನ್ನು ಹೊತ್ತು ತಂದು ಮಧ್ಯದ ಕೋಣೆಯಲ್ಲಿ ಇಟ್ಟರು. ಭಾವಮೈದ ಜೇಬಿನಿಂದ ಒಂದು ಸಣ್ಣ ತಗಡಿನ ಡಬ್ಬಿ ತೆಗೆದ.

"ಹೊಸ ಬೆಲ್ಟು ಭಾವ. ಆ ಜಗಳದ ಮಾರನೇ ದಿನವೇ ತಂದಿದ್ದೆ. ನೀವು ಒಪ್ಪಿದ ತಕ್ಷಣ ಹಾಕೋಣ ಅಂತ ಅಂಗಡೀಲೇ ಇಟ್ಕೊಂಡಿದ್ದೆ."

ಮುಚ್ಚಳ ತೆಗೆದು ಬೆಲ್ಟನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದ. ಅದು ಒಣಗಿದ ಎಲೆಯ ಹಾಗೆ ಮೂರು ತುಂಡಾಗಿ ಬಿತ್ತು. ಇಬ್ಬರೂ ಆ ತುಂಡುಗಳನ್ನು ಸ್ವಲ್ಪ ಹೊತ್ತು ನೋಡಿದರು.

"ಇರಲಿ ಬಿಡಿ, ನಾಳೆ ಬೇರೆ ತರ್ತೀನಿ" ಎಂದು ಭಾವಮೈದ ನೆಲದ ಮೇಲೆ ಕೂತ. ಹಳೆಯ ಬೆಲ್ಟನ್ನು ಕಿತ್ತುಹಾಕಿ, ಹದಿನೇಳನೇ ನಂಬರಿನ ಮೇಲೆ ಮುಳ್ಳಿಟ್ಟು, ತೋರುಬೆರಳನ್ನು ರೆಕಾರ್ಡಿನ ಚೀಟಿಯ ಮೇಲೆ ಊರಿ ತಾನೇ ತಿರುಗಿಸತೊಡಗಿದ. ಇನ್ನೊಂದು ಕೈ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಈ ಸಲ ತಾಳ ನಿಲ್ಲಲಿಲ್ಲ. ಬಾವಿಯ ತಳದ ಗಂಡಸು ಒಮ್ಮೆಲೇ ಮೇಲೆ ಹಾರಿ ಬಂದು ಎಳೆ ಹುಡುಗನ ದನಿಯಲ್ಲಿ ಕೂಗಿದ. ಗಿಟಾರು ಕಾಲಿಗೆ ಬುದ್ಧಿ ಹೇಳಿತು. ಡ್ರಮ್ಮು ಯಾವ ಯೋಚನೆಯನ್ನೂ ಮಾಡದೆ ಬಡಿಯಿತು. ಕೆಳಗೆ ಕುರ್ಚಿ ಮಡಿಚುತ್ತಿದ್ದ ಅಂಗಡಿಯವನ ಭುಜ ತಾನಾಗಿಯೇ ಕುಣಿಯಿತೆಂದೂ, ಹೆಡ್‌ಮೇಡಂ ಅದನ್ನು ನೋಡಿ "ಸಭ್ಯತೆ ಬೇಡವೇ" ಎಂದು ಗದರಿದರೆಂದೂ ಆಮೇಲೆ ತಿಳಿದುಬಂತು.

ಸಾಹೇಬರು ಸ್ಟಾಪ್‌ವಾಚು ಹಿಡಿದು ಭಾವಮೈದನ ಬೆರಳನ್ನೇ ನೋಡುತ್ತಿದ್ದರು. ನಿಮಿಷ ಮುಗಿಯಿತು. ಮೂವತ್ತಮೂರು ಸುತ್ತು, ಮೇಲೆ ಚಿಲ್ಲರೆ. ಸ್ಟಾಪ್‌ವಾಚು ಕೆಳಗಿಟ್ಟರು. ಕನ್ನಡಕ ತೆಗೆದರು. ಎಷ್ಟು ಒರೆಸಿದರೂ ಕಣ್ಣಿನ ನೀರು ನಿಲ್ಲಲಿಲ್ಲ.

ಭಾವಮೈದ ಬೆರಳು ನಿಲ್ಲಿಸದೆ ಅವರ ಮುಖ ನೋಡಿದ. "ಏನ್ ಭಾವ, ಇಂಥ ಕುಣಿಯೋ ಹಾಡಿಗೆ ಅಳ್ತೀರಾ?"

"ರಾಕ್ ಸಂಗೀತ ಕಣೋ" ಎಂದರು ಸಾಹೇಬರು, ಮೂಗೆಳೆದುಕೊಂಡು. "ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ತುಂಬಾ ದುಃಖದ್ದು."